ಅಯಸ್ಕಾಂತ ಕಚ್ಚದ ಕಾರು

ಹಳೇ ಕಾರು ನೋಡಲು ಹೊರಟವರ ಜೊತೆ ಹೋಗುವ ಅನುಭವಸ್ಥ ಮೆಕ್ಯಾನಿಕ್‌ನ ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಬಣ್ಣಕ್ಕೆ ಗೀರು ಬೀಳದಿರಲೆಂದು ಅದನ್ನು ಕರವಸ್ತ್ರದಲ್ಲಿ ಸುತ್ತಿ ಬಾಗಿಲು, ಮಡ್‌ಗಾರ್ಡ್, ಡಿಕ್ಕಿ ಎಂದು ಒಂದೊಂದೇ ಕಡೆ ತಾಗಿಸುತ್ತ ಹೋಗುತ್ತಾನೆ. ಟಕ್ಕನೆ ಕಚ್ಚಿಕೊಂಡರೆ ಅಲ್ಲಿ ತಗಡು ಇನ್ನೂ ಗಟ್ಟಿಯಾಗಿದೆ. ಕಚ್ಚದೆ ಜಾರಿದರೆ ತಗಡನ್ನು ತುಕ್ಕು ತಿಂದುಹಾಕಿದೆ, ತೂತಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದಾರೆ ಎಂದೇ ಅರ್ಥ. ಪದ್ಮಿನಿ ಇರಲಿ, ಅಂಬಾಸಡರ್ ಇರಲಿ, ಕಾಂಟೆಸಾ ಇರಲಿ, ಈ ಪರೀಕ್ಷೆ ಆಗುವ ತನಕ ಬುದ್ಧಿವಂತರು ಅಡ್ವಾನ್ಸಿನ ಮಾತೆತ್ತುವುದಿಲ್ಲ.

ಆದರೆ ಒಂದು ಕಾರಿನ ಮುಂದೆ ಈ ಪರೀಕ್ಷೆ ಸೋಲುತ್ತದೆ. ಅದರ ಬಾನೆಟ್ಟಿಗೂ ಅಯಸ್ಕಾಂತ ಕಚ್ಚುವುದಿಲ್ಲ, ಬಾಗಿಲಿಗೂ ಇಲ್ಲ, ಚಾವಣಿಗೂ ಇಲ್ಲ. ಬೆರಳ ಗೆಣ್ಣಿನಿಂದ ಬಡಿದರೆ ಖಾಲಿ ನೀರಿನ ಟ್ಯಾಂಕ್ ತಟ್ಟಿದ ಹಾಗೆ ಮಂದವಾದ ಸದ್ದು. ಅದು ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್. ಮೈಯೆಲ್ಲ ಫೈಬರ್‌ಗ್ಲಾಸ್. 40 ವರ್ಷ ಮಳೆಯಲ್ಲಿ ನಿಂತರೂ ಆ ಮೈಗೆ ತುಕ್ಕು ಹಿಡಿಯುವುದಿಲ್ಲ. ಹಳೇ ಕಾರಿನ ಮೋಹಕ್ಕೆ ಬಿದ್ದವರನ್ನು ಅದು ಸೆಳೆಯುವುದೂ ಹೀಗೆಯೇ, ಅವರು ಮೋಸ ಹೋಗುವುದೂ ಇಲ್ಲಿಯೇ. ಅದು ಹೇಗೆಂದು ತಿಳಿಯಲು ಆ ಕಾರು ಹುಟ್ಟಿದ ಕಾಲಕ್ಕೆ ಹೋಗಬೇಕು.

1970ರ ದಶಕದ ನಡುವಿಗೆ ಬೆಂಗಳೂರಿನ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂಬ ಕಂಪನಿ ‘ಬಾದಲ್’ ಎಂಬ ಮೂರು ಗಾಲಿಯ ಕಾರನ್ನು ರಸ್ತೆಗೆ ತಂದಿತು. ಮುಂದೆ ಒಂದು ಗಾಲಿ, ಹಿಂದೆ ಎರಡು. ಎಂಜಿನ್ ಹಿಂಬದಿಯಲ್ಲಿ, ಅದೂ 198 ಸಿ.ಸಿ.ಯ ಟೂ-ಸ್ಟ್ರೋಕ್, ಸ್ಕೂಟರಿನ ಎಂಜಿನ್ನಿಗಿಂತ ಒಂದು ಕೈ ದೊಡ್ಡದು, ಅಷ್ಟೆ. ಮೈ ಫೈಬರಿನದು. ಬಾದಲ್ ಎಂದರೆ ಹಿಂದಿಯಲ್ಲಿ ಮೋಡ. ಮಳೆಯಲ್ಲಿ ಸ್ಕೂಟರಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನೆನೆಯುತ್ತ ಹೋಗುವ ಸಂಸಾರಸ್ಥನಿಗೆ ಮುಚ್ಚಿದ ಗಾಡಿಯೊಂದು ಕೈಗೆಟುಕುವ ಬೆಲೆಗೆ ಬೇಕಿತ್ತು. 2008ರಲ್ಲಿ ಟಾಟಾ ನ್ಯಾನೊ ಬಂದಾಗ ದೇಶವೆಲ್ಲ ಆಡಿದ ಮಾತೂ ಇದೇ. ಬೆಂಗಳೂರು ಅದನ್ನು ಮೂರು ದಶಕ ಮುಂಚೆಯೇ, ಬಹಳ ಕಡಿಮೆ ಬಂಡವಾಳದಲ್ಲಿ ಪ್ರಯತ್ನಿಸಿತ್ತು. ಮೂರು ಗಾಲಿಯದಾದ ಮೇಲೆ ನಾಲ್ಕು ಗಾಲಿಯ ಬಾದಲ್ ಕೂಡ ಬಂತು. ಎರಡೂ ಜನರ ಮನಸ್ಸಿನಲ್ಲಿ ಕಾರು ಎನಿಸಿಕೊಳ್ಳಲಿಲ್ಲ.

ಕಂಪನಿ ಕೈಚೆಲ್ಲಲಿಲ್ಲ. ಸಿಪಾನಿ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ 1982ರಲ್ಲಿ ಡಾಲ್ಫಿನ್ ತಂದಿತು. ಇಂಗ್ಲೆಂಡಿನ ಟ್ಯಾಮ್‌ವರ್ತ್ ಎಂಬ ಊರಿನಲ್ಲಿ ರಿಲಯಂಟ್ ಎಂಬ ಕಂಪನಿಯಿತ್ತು. ಫೈಬರ್ ಮೈಯ ಮೂರು ಗಾಲಿಯ ‘ರಾಬಿನ್’ ಕಾರಿಗೆ ಹೆಸರಾದ ಅದು 1975ರಿಂದ ‘ಕಿಟನ್’ ಎಂಬ ನಾಲ್ಕು ಗಾಲಿಯ ಸಣ್ಣ ಕಾರನ್ನೂ ಮಾಡುತ್ತಿತ್ತು. ಅಲ್ಲಿ ಆ ಕಾರು ನಿಲ್ಲುವ ಹೊತ್ತಿಗೆ ಇಲ್ಲಿ ಅದೇ ವಿನ್ಯಾಸ ಡಾಲ್ಫಿನ್ ಆಯಿತು. ಕಿಟನ್ ಎಂದರೆ ಬೆಕ್ಕಿನ ಮರಿ; ಅದು ಸಮುದ್ರ ದಾಟಿ ಬೆಂಗಳೂರಿಗೆ ಬರುವಷ್ಟರಲ್ಲಿ ಡಾಲ್ಫಿನ್ ಆಗಿತ್ತು. 848 ಸಿ.ಸಿ.ಯ ಎಂಜಿನ್, ಅದೂ ಪೂರ್ತಿ ಅಲ್ಯೂಮಿನಿಯಮ್ಮಿನದು. ಎರಡೇ ಬಾಗಿಲು. ಹಿಂದಿನ ಗಾಲಿಗಳನ್ನು ತಿರುಗಿಸುವ ಹಳೆಯ ಪದ್ಧತಿ. ಆ ಕಾಲದ ಅಂಬಾಸಡರ್ ಒಂದು ಟನ್ನಿಗೂ ಹೆಚ್ಚು ತೂಗುತ್ತಿದ್ದರೆ ಡಾಲ್ಫಿನ್ ತೂಗುತ್ತಿದ್ದುದು ಅದರ ಅರ್ಧದ ಆಸುಪಾಸು.

ಒಂದೇ ವರ್ಷ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರಿಸಿದರು. ತಗಡಿನ ಮೈ, ನಾಲ್ಕು ಬಾಗಿಲು, ಜಪಾನಿನ ಸುಜುಕಿ ಎಂಜಿನ್, ಬೆನ್ನಿಗೆ ಸರ್ಕಾರ. ಅದರ ಮುಂದೆ ಎರಡು ಬಾಗಿಲಿನ ಫೈಬರ್ ಕಾರು ನಿಲ್ಲುವುದು ಕಷ್ಟವಿತ್ತು. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದೆ ಕೂತವರು ಇಳಿಯಬೇಕು. ಅಜ್ಜ ಅಜ್ಜಿ ಇರುವ ಮನೆಗೆ ಇದು ಒಗ್ಗುವ ಮಾತೇ? 1987ರಲ್ಲಿ ಸಿಪಾನಿ ಹಿಂದಿನ ಸೀಟಿಗೂ ಬಾಗಿಲಿಟ್ಟು ‘ಮೊಂಟಾನಾ’ ತಂದಿತು, ಆಮೇಲೆ ಅದಕ್ಕೆ ಡೀಸೆಲ್ ಎಂಜಿನ್ನನ್ನೂ ಕೂರಿಸಿತು. 1990ರ ದಶಕದಲ್ಲಿ ಬ್ರಿಟನ್ನಿನ ರೋವರ್ ಮೊಂಟೆಗೊ ಕಾರನ್ನು ಬಿಡಿಭಾಗಗಳಿಂದ ಜೋಡಿಸಿ ಮಾರಲು ನೋಡಿತು. ಆ ದಶಕ ಮುಗಿಯುವುದರೊಳಗೆ ಕಾರ್ಖಾನೆಯ ಕತೆಯೂ ಮುಗಿದಿತ್ತು.

ಆದರೆ ಸಂಸಾರಸ್ಥರು ಬೇಡವೆಂದ ಡಾಲ್ಫಿನ್ನನ್ನು ಬೇರೆಯೇ ಒಂದು ಗುಂಪು ಎತ್ತಿಕೊಂಡಿತು. ಮದ್ರಾಸಿನ ಬಳಿಯ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯೊಂದರ ಮೇಲೆ ಕಾರು ರೇಸು ನಡೆಯುತ್ತಿತ್ತು. ದಕ್ಷಿಣ ಭಾರತದ ರ‍್ಯಾಲಿಗಳಿಗೂ ಅದು ಒಳ್ಳೆಯ ಕಾಲ. ರೇಸಿನವರು ಬಾಗಿಲು ಎಷ್ಟೆಂದು ಲೆಕ್ಕ ಹಾಕುವುದಿಲ್ಲ. ತೂಕ ಎಷ್ಟು, ಎಂಜಿನ್ ಎಷ್ಟು ತಳ್ಳುತ್ತದೆ, ತಿರುವಿನಲ್ಲಿ ಹಿಂಬದಿ ಹೇಗೆ ಸರಿಯುತ್ತದೆ ಎಂದು ನೋಡುತ್ತಾರೆ. ಅವರಿಗೆ ಡಾಲ್ಫಿನ್ ಹೇಳಿ ಮಾಡಿಸಿದಂತಿತ್ತು. ಫೈಬರ್ ಒಡೆದರೆ ಅಲ್ಲೇ ರೆಸಿನ್ ಬಳಿದು ಪ್ಯಾಚು ಹಾಕಿ ಮರುದಿನ ಮತ್ತೆ ಓಡಿಸಬಹುದಿತ್ತು. ಉಳಿದುಕೊಂಡ ಡಾಲ್ಫಿನ್‌ಗಳ ಪೈಕಿ ಹಲವು ಒಂದಲ್ಲ ಒಂದು ಕಾಲದಲ್ಲಿ ರೇಸಿನವರ ಕೈಯಲ್ಲಿ ಇದ್ದಂಥವು. ಹಾಗೆ ಉಳಿದದ್ದು ಅದೃಷ್ಟವೂ ಹೌದು, ಕೊಳ್ಳುವವನು ಎಚ್ಚರದಿಂದ ನೋಡಬೇಕಾದ ಚರಿತ್ರೆಯೂ ಹೌದು. ಅಂಥ ಕಾರಿನ ಎಂಜಿನ್ ಎಷ್ಟು ಸಲ ಬಿಚ್ಚಿ ಜೋಡಿಸಿದ್ದೋ, ಮೈಯಲ್ಲಿ ಮೂಲದ ಪಾಲು ಎಷ್ಟು ಉಳಿದಿದೆಯೋ!

ತಯಾರಿಸಿದವರು ಬಾಗಿಲು ಹಾಕಿಕೊಂಡ ಮೇಲೆ ರಸ್ತೆಯಲ್ಲಿ ಉಳಿದ ಕಾರುಗಳು ಒಂದು ಬಗೆಯ ತಬ್ಬಲಿಗಳು. ಇಂಥ ತಬ್ಬಲಿ ಕಾರನ್ನು ಕೊಂಡು ಸಾಕುವ ಪದ್ಧತಿ ಈ ದೇಶಕ್ಕೆ ಡಾಲ್ಫಿನ್ನಿನಿಂದ ಬಂದದ್ದಲ್ಲ. ಅದರ ಬೇರು 1950ರ ದಶಕದಲ್ಲಿದೆ. ಫೋರ್ಡ್ ಕಂಪನಿ 1926ರಲ್ಲಿ, ಜನರಲ್ ಮೋಟರ್ಸ್ 1928ರಲ್ಲಿ ಭಾರತಕ್ಕೆ ಬಂದು ಬಿಡಿಭಾಗ ತರಿಸಿ ಇಲ್ಲಿ ಕಾರು ಜೋಡಿಸುತ್ತಿದ್ದವು. ಇಲ್ಲೇ ತಯಾರಿಸುವ ಯೋಜನೆ ಇಲ್ಲದವರು ಮುಂದುವರಿಯುವಂತಿಲ್ಲ ಎಂಬ ನೀತಿ ಸ್ವಾತಂತ್ರ್ಯದ ಬಳಿಕ ಬಂದಾಗ 1953-54ರ ಹೊತ್ತಿಗೆ ಎರಡೂ ಜಾಗ ಖಾಲಿ ಮಾಡಿದವು. ಅವುಗಳ ಷೆವರ್ಲೆ, ಫೋರ್ಡ್ ಕಾರುಗಳು ಮಾತ್ರ ಇಲ್ಲೇ ಉಳಿದವು. ಒಡೆಯ ಹೋದ ಮೇಲೂ ಅವು ಓಡಬೇಕಿತ್ತು, ಏಕೆಂದರೆ ಹೊಸ ಕಾರು ಸಿಗುತ್ತಿರಲಿಲ್ಲ.

ಹೊಸ ಕಾರು ಸಿಗದ ಆ ಕಾಲ ಇಂದಿನವರಿಗೆ ನಂಬಲು ಕಷ್ಟ. ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್, ಮುಂಬಯಿ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್, ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್: ದೇಶಕ್ಕೆಲ್ಲ ಕಾರು ಕೊಡುತ್ತಿದ್ದವರು ಮುಖ್ಯವಾಗಿ ಈ ಮೂವರೇ. ಯಾರಿಗೆ ಮಾರಬೇಕು, ಹೇಗೆ ಹಂಚಬೇಕು ಎಂಬುದಕ್ಕೆ 1959ರಲ್ಲಿ ಕೇಂದ್ರದ ನಿಯಂತ್ರಣ ಆದೇಶವೇ ಬಂತು. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕು. ಹೀಗಾಗಿ ಬಳಸಿದ ಕಾರು ಹೊಸದರ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತಿದ್ದುದೂ ಉಂಟು. ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಆಗ ಶೋಕಿಯಾಗಿರಲಿಲ್ಲ, ಕಾರು ಬೇಕಾದವರಿಗೆ ಉಳಿದಿದ್ದ ದಾರಿಯೇ ಅದು. ಡಾಕ್ಟರು, ವಕೀಲರು, ಎಸ್ಟೇಟಿನವರು 1940ರ ದಶಕದ ಮೋರಿಸ್, ಆಸ್ಟಿನ್ ಕಾರುಗಳನ್ನು 1970ರವರೆಗೂ ಓಡಿಸಿದ್ದು ಈ ಕಾರಣಕ್ಕೆ.

ಈ ಕೊರತೆಯ ನಡುವೆ ಲೇತ್ ಅಂಗಡಿಯ ವಿದ್ಯೆ ಬೆಳೆಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದಲ್ಲಿ ಗುಜರಿಯ ಸಾಲು. ಬೇಕಾದ ಭಾಗ ಅಂಗಡಿಯಲ್ಲಿ ಇಲ್ಲದಿದ್ದರೆ ಗುಜರಿಗೆ, ಗುಜರಿಯಲ್ಲೂ ಇಲ್ಲದಿದ್ದರೆ ಸವೆದ ಹಳೆಯ ಭಾಗವನ್ನೇ ಕಾಗದದಲ್ಲಿ ಸುತ್ತಿಕೊಂಡು ಲೇತಿನವನ ಬಳಿಗೆ. ಅವನು ಕ್ಯಾಲಿಪರ್ ಹಿಡಿದು ಅಳತೆ ತೆಗೆದು, ಸವೆದದ್ದು ಎಷ್ಟಿರಬಹುದೆಂದು ಅಂದಾಜು ಕೂಡಿಸಿ ಹಿತ್ತಾಳೆ ಬುಷ್ ಒಂದನ್ನು ಕಡೆದು ಕೊಡುತ್ತಾನೆ. ತಯಾರಿಸಿದ ಕಂಪನಿಯ ನಕ್ಷೆ ನೋಡದೆಯೇ ಆ ಕಂಪನಿಯ ಭಾಗ ಮಾಡುವುದು ಎಂದರೆ ಇದು. ಭಾರತದ ಹಳೇ ಕಾರುಗಳ ಚರಿತ್ರೆ ಬರೆಯುವವರು ಮಹಾರಾಜರ ರೋಲ್ಸ್‌ರಾಯ್ಸ್‌ಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಆ ಬುಷ್ ಕಡೆದವನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಸಾಮಾನ್ಯರ ಕಾರು ಬದುಕಿದ್ದು ಮಾತ್ರ ಅವನಿಂದಲೇ.

ಅದೇ ವಿದ್ಯೆಗೆ ಇನ್ನೊಂದು ಮುಖವೂ ಇತ್ತು. 1973ರಲ್ಲಿ ತೈಲ ಬೆಲೆ ಒಮ್ಮೆಗೇ ಏರಿದಾಗ ದೊಡ್ಡ ಅಮೆರಿಕನ್ ಕಾರು ಇಟ್ಟುಕೊಂಡವರು ಕಂಗಾಲಾದರು. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುವ ಎಂಜಿನ್ ಕಿತ್ತು ಆ ಜಾಗದಲ್ಲಿ ಡೀಸೆಲ್ ಎಂಜಿನ್ ಕೂರಿಸಿದರು. ಹೊರಗೆ ಡಾಡ್ಜ್, ಒಳಗೆ ವ್ಯಾನಿನದೋ ಟ್ರಾಕ್ಟರಿನದೋ ಗುಡುಗು. ಆಗ ಅದು ಕಾರನ್ನು ಗುಜರಿಯಿಂದ ಉಳಿಸಿದ ಉಪಾಯ. ಇವತ್ತು ಅಂಥ ಕಾರನ್ನು ಕೊಳ್ಳುವವನಿಗೆ ದೊಡ್ಡ ತೊಡಕು. ಏಕೆಂಬುದು ಮುಂದೆ ಬರುತ್ತದೆ.

ಹಿಂದೂಸ್ತಾನ್, ಪ್ರೀಮಿಯರ್, ಸ್ಟ್ಯಾಂಡರ್ಡ್ ಎಂಬ ಆ ಮೂರು ಕಂಪನಿಗಳ ಕಾರುಗಳಲ್ಲಿ ಎಲ್ಲಕ್ಕಿಂತ ವಿಲಕ್ಷಣ, ಎಲ್ಲಕ್ಕಿಂತ ಮೋಹಕ ಎಂದರೆ ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಕಾರು. 1961ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿತು. 948 ಸಿ.ಸಿ. ಎಂಜಿನ್. ಬಾನೆಟ್ ಎಂದರೆ ಬರೀ ಮುಚ್ಚಳವಲ್ಲ. ಮಡ್‌ಗಾರ್ಡ್ ಸಮೇತ ಕಾರಿನ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮೆಕ್ಯಾನಿಕ್ ಮುಂದಿನ ಟೈರಿನ ಮೇಲೆ ಆರಾಮಾಗಿ ಕೂತು ಕೆಲಸ ಮಾಡಬಹುದು. ಕೇವಲ 25 ಅಡಿ ಅಗಲದ ವೃತ್ತದಲ್ಲಿ ಪೂರ್ತಿ ತಿರುಗುತ್ತದೆ. ಹಳೇ ಪೇಟೆಯ ಓಣಿಯಲ್ಲಿ ಅಂಬಾಸಡರ್‌ನವರು ಹಿಂದೆ ಮುಂದೆ ಮಾಡಿ ಬೆವರುವಾಗ ಹೆರಾಲ್ಡಿನವರು ಒಂದೇ ಸಲ ತಿರುಗಿಸಿಕೊಂಡು ಹೊರಟುಬಿಡುತ್ತಿದ್ದರು.

ಅಪಾಯ ಇದ್ದದ್ದು ಹಿಂಬದಿಯಲ್ಲಿ. ಅಡ್ಡಲಾಗಿ ಕೂತ ಒಂದೇ ಲೀಫ್ ಸ್ಪ್ರಿಂಗು, ಎರಡೂ ಗಾಲಿಗಳು ಬೇರೆ ಬೇರೆಯಾಗಿ ಏರಿಳಿಯುವ ಆಕ್ಸಲ್. ತಿರುವಿನಲ್ಲಿ ಜೋರಾಗಿ ಹೋಗಿ ಒಮ್ಮೆಗೇ ಆಕ್ಸಲರೇಟರ್ ಬಿಟ್ಟರೆ ಹೊರಬದಿಯ ಗಾಲಿ ಮಡಚಿಕೊಂಡು ಕಾರು ಹಿಂದಿನಿಂದ ಎದ್ದ ಹಾಗಾಗುತ್ತದೆ. ಹೊಂಡ ಗುಂಡಿಯ ರಸ್ತೆಗೆ, ಮೇಲೆ ಆರು ಜನ ಕೂತ ಭಾರಕ್ಕೆ ಈ ಏರ್ಪಾಡು ತಾಳುತ್ತಿರಲಿಲ್ಲ. ಭಾರತದ ಮಾಲೀಕರಿಗೂ ಮೆಕ್ಯಾನಿಕ್‌ಗಳಿಗೂ ಇದು ಹಿಡಿಸಲಿಲ್ಲವೆಂದೇ 1970ರ ದಶಕದಲ್ಲಿ ಬಂದ ಅದರ ಉತ್ತರಾಧಿಕಾರಿ ‘ಗೆಝೆಲ್’ಗೆ ಕಂಪನಿ ಒಂದೇ ತುಂಡಿನ ಸಾದಾ ಆಕ್ಸಲ್ ಹಾಕಿತು. ಇಂದು ಹೆರಾಲ್ಡ್ ನೋಡಲು ಹೋದವರು ಬಣ್ಣಕ್ಕೆ ಮರುಳಾಗುವ ಮೊದಲು ಹಿಂದೆ ನಿಂತು ಎರಡೂ ಗಾಲಿ ನೆಟ್ಟಗೆ ನಿಂತಿವೆಯೋ, ಮೇಲ್ಭಾಗ ಒಳಕ್ಕೆ ವಾಲಿದೆಯೋ ನೋಡಬೇಕು. ವಾಲಿದ್ದರೆ ಸ್ಪ್ರಿಂಗ್ ಸುಸ್ತಾಗಿದೆ. ಸ್ಪ್ರಿಂಗ್ ಮಾಡಿಕೊಡುವ ಕಮ್ಮಾರ ಸಾಲೆ ಹುಡುಕಬಹುದು; ಸವೆದ ಆಕ್ಸಲ್ ಹುಡುಕುವುದು ಕಷ್ಟದ ಕೆಲಸ.

ಪದ್ಮಿನಿ ಮತ್ತು ಅಂಬಾಸಡರ್ ಬೇರೆಯೇ ವರ್ಗ. ಫಿಯೆಟ್ 1100 ಡಿಲೈಟ್ ಆಗಿ 1964ರಲ್ಲಿ ಬಂದು, ‘ಪ್ರೆಸಿಡೆಂಟ್’ ಎನಿಸಿಕೊಂಡು, 1974ರಲ್ಲಿ ‘ಪದ್ಮಿನಿ’ ಎಂದು ಹೆಸರಿಡಿಸಿಕೊಂಡ ಕಾರನ್ನು ಕನ್ನಡದ ಮನೆಗಳಲ್ಲಿ ಕೊನೆಯವರೆಗೂ ಕರೆದದ್ದು ಫಿಯೆಟ್ ಎಂದೇ. ಸ್ಟೀರಿಂಗ್ ಪಕ್ಕದ ಗೇರು, ಮುಂದೆ ಮೂವರು ಕೂರುವ ಉದ್ದ ಸೀಟು, ಬೇಕಾದ ಕಡೆಗೆ ಗಾಳಿ ತಿರುಗಿಸುವ ತ್ರಿಕೋನದ ಪುಟ್ಟ ಗಾಜು. ಬೇಸಿಗೆಯಲ್ಲಿ ಶಿರಾಡಿಯನ್ನೋ ಆಗುಂಬೆಯನ್ನೋ ಹತ್ತುವಾಗ ಪೆಟ್ರೋಲ್ ಪಂಪಿನಲ್ಲಿ ಆವಿ ತುಂಬಿ ಕಾರು ನಿಂತರೆ, ಬಾನೆಟ್ ಎತ್ತಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯಬೇಕು. ಹೆಂಗಸರು ಮಕ್ಕಳು ರಸ್ತೆ ಬದಿಯ ಮರದಡಿ ಕೂತು ಬುತ್ತಿ ಬಿಚ್ಚುವುದೂ ಆಗಲೇ. ಅಂಥ ಮಧ್ಯಾಹ್ನಗಳ ನೆನಪೇ ಇಂದು ಎಷ್ಟೋ ಮಂದಿಯನ್ನು ಅಪ್ಪನ ಕಾರಿನ ಬಣ್ಣದ್ದೇ ಇನ್ನೊಂದು ಫಿಯೆಟ್ ಹುಡುಕುವಂತೆ ಮಾಡುತ್ತಿದೆ.

ಇವೆರಡರಲ್ಲಿ ಅಪಾಯ ಕಡಿಮೆ, ಕಾರಣ ಅವುಗಳ ಸಂಖ್ಯೆ. ಅಂಬಾಸಡರ್ 1957ರ ಸುಮಾರಿನಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು. ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಯವರೆಗೆ ಅಧಿಕೃತವಾಗಿ ಓಡಿತು. ಟ್ಯಾಕ್ಸಿ ಓಡುವ ತನಕ ಬಿಡಿಭಾಗ ಮಾಡುವವರಿಗೆ ಅನ್ನ. ಆದ್ದರಿಂದ ಕಿಂಗ್‌ಪಿನ್, ಕ್ಲಚ್ ಪ್ಲೇಟ್, ಕಾರ್ಬೊರೇಟರ್ ಕಿಟ್ ಎಲ್ಲ ಇನ್ನೂ ಸಿಗುತ್ತವೆ, ಅವನ್ನು ಕಣ್ಣು ಮುಚ್ಚಿ ಜೋಡಿಸುವ ಹಿರಿಯ ಮೆಕ್ಯಾನಿಕ್‌ಗಳೂ ಇದ್ದಾರೆ. ಅಂಬಾಸಡರ್‌ನಲ್ಲಿ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಎಂಜಿನ್ನಿನದು: 1489 ಸಿ.ಸಿ.ಯ ಹಳೆಯ ಬ್ರಿಟಿಷ್ ಎಂಜಿನ್ನೋ, 1990ರ ದಶಕದಲ್ಲಿ ಬಂದ 1.8 ಲೀಟರಿನ ಇಸುಝುವೋ? ಮೊದಲನೆಯದು ಮೋಹಕ್ಕೆ, ಎರಡನೆಯದು ದಿನದ ಓಡಾಟಕ್ಕೆ.

ಸಂಖ್ಯೆಯ ಈ ಬೆಂಬಲ ಇಲ್ಲದ ಕಾರುಗಳ ಪಾಡು ಮಾತ್ರ ಮರುಕ ಹುಟ್ಟಿಸುವಂಥದು. ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ತಂದ ‘ಸ್ಟ್ಯಾಂಡರ್ಡ್ 2000’ ನೋಡಲು ಬ್ರಿಟನ್ನಿನ ರೋವರ್ ಎಸ್‌ಡಿ1. ಉದ್ದ, ನುಣುಪು, ಆ ಕಾಲದ ಭಾರತದ ರಸ್ತೆಯಲ್ಲಿ ಅಂಥ ಇನ್ನೊಂದು ಚೆಲುವೆ ಇರಲಿಲ್ಲ. ಬಾನೆಟ್ ಎತ್ತಿದರೆ ದಶಕಗಳ ಹಿಂದಿನ 1991 ಸಿ.ಸಿ. ಎಂಜಿನ್. ಮೈಗೂ ಎದೆಗೂ ಹೊಂದಾಣಿಕೆಯೇ ಆಗಲಿಲ್ಲ. ಮೂರೇ ವರ್ಷಕ್ಕೆ, 1988ರಲ್ಲಿ, ಕಾರಿನ ಜೊತೆ ಕಾರ್ಖಾನೆಯೂ ನಿಂತಿತು. 1990ರ ದಶಕದಲ್ಲಿ ಬಾಗಿಲು ತೆರೆದ ಮೇಲೆ ಬಂದ ಪ್ಯೂಜೊ 309, ಡೇವೂ ಸಿಯೆಲೊ, ಓಪೆಲ್ ಆಸ್ಟ್ರಾ ಕೂಡ ಒಂದೊಂದಾಗಿ ತಬ್ಬಲಿಗಳಾದವು. ಇವು ಇನ್ನೂ ಹೆಚ್ಚು ತೊಂದರೆಯವು. ಹೆರಾಲ್ಡಿನ ಬುಷ್ ಲೇತಿನಲ್ಲಿ ಕಡೆಯಬಹುದು. ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ ಕೆಟ್ಟರೆ ಅದನ್ನು ಕಡೆದುಕೊಡುವ ಲೇತ್ ಎಲ್ಲಿದೆ?

ಮತ್ತೆ ಡಾಲ್ಫಿನ್ ಮುಂದೆ ಬಂದು ನಿಲ್ಲೋಣ. ಅಯಸ್ಕಾಂತ ಜೇಬಿಗೆ ಹಾಕಿ, ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಗೋಣಿಚೀಲ ಹಾಸಿ ಮಲಗುವುದು ಇಲ್ಲಿನ ಪರೀಕ್ಷೆ. ಫೈಬರಿನ ಮೈಯ ಕೆಳಗೆ ಕಾರನ್ನು ಹೊತ್ತಿರುವುದು ಉಕ್ಕಿನ ಚಾಸಿ. ಮೈ ತುಕ್ಕು ಹಿಡಿಯದೆ ಥಳಥಳಿಸುತ್ತಿರುವಾಗ ಕೆಳಗಿನ ಚಾಸಿ ಸದ್ದಿಲ್ಲದೆ ಕರಗುತ್ತಿರಬಹುದು. ತಗಡಿನ ಕಾರಾದರೆ ಬಾಗಿಲ ಅಂಚಿನಲ್ಲೇ ತುಕ್ಕು ಗುಳ್ಳೆ ಎದ್ದು ಮುನ್ಸೂಚನೆ ಕೊಡುತ್ತದೆ. ಫೈಬರ್ ಯಾವ ಸುಳಿವೂ ಕೊಡುವುದಿಲ್ಲ. ಆದ್ದರಿಂದ ಚಾಸಿಯ ಉದ್ದಕ್ಕೂ, ಅದರಲ್ಲೂ ಸ್ಪ್ರಿಂಗುಗಳು ಬಂದು ಸೇರುವ ಕಡೆ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ಮೊಳಗುತ್ತದೆ. ತಿಂದುಹೋದದ್ದು ಪಚಕ್ಕೆನ್ನುತ್ತದೆ, ಪದರ ಪದರವಾಗಿ ಕಂದು ಸಿಪ್ಪೆ ಎದೆಯ ಮೇಲೆ ಉದುರುತ್ತದೆ.

ಮೈಯಲ್ಲಿ ನೋಡಬೇಕಾದದ್ದು ಬಿರುಕು. ಬಾಗಿಲ ಕೀಲು, ಹೆಡ್‌ಲೈಟಿನ ಸುತ್ತ, ಗಾಜು ಕೂರುವ ಮೂಲೆಗಳಲ್ಲಿ ಜೇಡರ ಬಲೆಯಂಥ ಗೆರೆಗಳು ಎದ್ದಿದ್ದರೆ ಅದು ಬರೀ ಬಣ್ಣದ್ದೋ, ಒಳಗಿನ ಪದರವೇ ಸೀಳಿದೆಯೋ ಒತ್ತಿ ನೋಡಿ ತಿಳಿಯಬೇಕು. ಟಿಂಕರಿಂಗ್ ಮಾಡುವವನ ಸುತ್ತಿಗೆ ಇಲ್ಲಿ ನಡೆಯದು. ಫೈಬರ್ ಮ್ಯಾಟ್, ರೆಸಿನ್, ಹಾರ್ಡನರ್ ಬಳಸಿ ಒಳಗಿನಿಂದ ಕಟ್ಟಿಕೊಂಡು ಬರುವವರು ಬೇಕು. ಬಾಗಿಲೇ ಹೋದರೆ ಇನ್ನೊಂದು ಡಾಲ್ಫಿನ್ನಿನ ಬಾಗಿಲಿನಿಂದ ಅಚ್ಚು ತೆಗೆದು ಹೊಸದು ಎರಕ ಹೊಯ್ಯಬಹುದು. ತಗಡಿನ ಯಾವ ಅಪರೂಪದ ಕಾರಿಗೂ ಇಷ್ಟು ಸುಲಭದ ಸೌಕರ್ಯ ಇಲ್ಲ ಎಂಬುದನ್ನು ಅದರ ಪರವಾಗಿ ಹೇಳಲೇಬೇಕು.

ಎಂಜಿನ್ನಿನ ಶತ್ರು ನೀರು. ಅಲ್ಯೂಮಿನಿಯಮ್ಮಿಗೆ ಬೋರ್‌ವೆಲ್ಲಿನ ಗಡಸು ನೀರು ಆಗಿಬರುವುದಿಲ್ಲ. ಕೂಲಂಟ್ ಹಾಕದೆ ವರ್ಷಗಟ್ಟಲೆ ನಲ್ಲಿ ನೀರು ಸುರಿದ ರೇಡಿಯೇಟರ್ ಇದ್ದರೆ ಒಳಗಿನ ನೀರಿನ ದಾರಿಗಳಲ್ಲಿ ಬಿಳಿ ಹಿಟ್ಟು ಕಟ್ಟಿರುತ್ತದೆ, ಲೋಹ ಅಲ್ಲಲ್ಲಿ ಕೊರೆದಿರುತ್ತದೆ. ಒಮ್ಮೆ ಕುದಿಯಿತೆಂದರೆ ಹೆಡ್ ಸೊಟ್ಟಗಾಗುತ್ತದೆ. ಹೀಗಾಗಿ ಕೊಳ್ಳುವ ಮುಂಚೆ ಕಾರು ತಣ್ಣಗಿರುವಾಗಲೇ ಹೋಗಿ ರೇಡಿಯೇಟರ್ ಮುಚ್ಚಳ ತಾನೇ ತೆಗೆದು ನೋಡುವುದು, ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಕೆನೆಬಣ್ಣದ ಜಿಡ್ಡಿದೆಯೇ ಎಂದು ಬೆರಳಾಡಿಸುವುದು, ಆಮೇಲೆ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಓಡಲು ಬಿಡುವುದು ಒಳ್ಳೆಯದು. ಮಾರುವವರು “ಈಗಷ್ಟೇ ಓಡಿಸಿಕೊಂಡು ಬಂದೆ ಸಾರ್” ಎಂದು ಬಿಸಿ ಎಂಜಿನ್ ತೋರಿಸಿದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಬರಬೇಕು. ತಣ್ಣಗಿದ್ದಾಗ ಎಳೆಯಲು ಹಟ ಮಾಡುವ ಎಂಜಿನ್ ಬಿಸಿಯಾದ ಮೇಲೆ ಸಾಧುವಾಗಿರುತ್ತದೆ.

ಇಷ್ಟೆಲ್ಲ ನೋಡಿ ಸರಿ ಎನಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಕಾರನ್ನು ಬಲ್ಲವರು ಯಾರಿದ್ದಾರೆ? ಡಾಲ್ಫಿನ್ ಕಾರ್ಖಾನೆಯಲ್ಲಿ, ರೇಸ್ ಗ್ಯಾರೇಜುಗಳಲ್ಲಿ ಕೈ ಪಳಗಿಸಿಕೊಂಡವರಿಗೆ ಈಗ ವಯಸ್ಸಾಗಿದೆ. ಬ್ರಿಟನ್ನಿನಲ್ಲಿ ರಿಲಯಂಟ್ ಅಭಿಮಾನಿಗಳ ಕೂಟಗಳಿವೆ, ಅಲ್ಲಿಂದ ಎಂಜಿನ್ ಭಾಗ ತರಿಸುವವರೂ ಇದ್ದಾರೆ. ಆದರೆ ಪೆಟ್ಟಿಗೆ ಬಂದ ಮೇಲೆ ಬಿಚ್ಚಿ ಜೋಡಿಸುವ ಕೈ ಇಲ್ಲೇ ಸಿಗಬೇಕು. ಇಂಥ ಕಾರನ್ನು ನಿಜವಾಗಿ ಸಾಕುತ್ತಿರುವವರು ಮೊದಲು ಹುಡುಕುವುದು ಮೆಕ್ಯಾನಿಕ್ಕನ್ನು. ಆಮೇಲೆ ಕಾರು. ಸಾಧ್ಯವಿದ್ದರೆ ಭಾಗಗಳಿಗಾಗಿ ಓಡದ ಇನ್ನೊಂದು ಕಾರನ್ನೂ ಕೊಂಡು ಹಿತ್ತಲಿನಲ್ಲಿ ಟಾರ್ಪಾಲು ಮುಚ್ಚಿ ಇಡುತ್ತಾರೆ.

ಡಾಲ್ಫಿನ್ ಮುಗಿದ ಊರಿನಲ್ಲೇ ಇನ್ನೊಂದು ವಿಚಿತ್ರ ಕಾರು ಹುಟ್ಟಿತೆಂಬುದು ಬೆಂಗಳೂರಿನ ಭಾಗ್ಯ. ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ 2001ರಲ್ಲಿ ಬಂದ ವಿದ್ಯುತ್ ಕಾರು ‘ರೇವಾ’. ಅದರದೂ ಉಕ್ಕಿನ ಚೌಕಟ್ಟು, ಹೊರಗೆ ಪ್ಲಾಸ್ಟಿಕ್ ಫಲಕ. ಅಯಸ್ಕಾಂತ ಅಲ್ಲೂ ಕಚ್ಚದು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಕ್ಕಳು. ಲಂಡನ್ನಿನಲ್ಲಿ ‘ಜಿ-ವಿಝ್’ ಎಂಬ ಹೆಸರಿನಲ್ಲಿ ಓಡಿ ಆ ನಗರದ ದಟ್ಟಣೆ ಶುಲ್ಕದಿಂದ ವಿನಾಯಿತಿ ಪಡೆದಿತ್ತು. 2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಹೋಯಿತು. ಹಳೆಯ ರೇವಾ ಕೊಳ್ಳುವವರಿಗೆ ಅಪಾಯ ಒಂದೇ ಜಾಗದಲ್ಲಿ ಗುಡ್ಡೆಯಾಗಿದೆ: ಸೀಟಿನಡಿ ಸಾಲಾಗಿ ಕೂತ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳು. ಒಂದು ಬ್ಯಾಟರಿ ಸೊರಗಿದರೂ ಉಳಿದ ಏಳು ಅದರ ಜೊತೆ ಸೊರಗುತ್ತವೆ. ಎಂಟನ್ನೂ ಬದಲಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಸಾದಾ ಲೆಡ್ ಆಸಿಡ್ ಆದ್ದರಿಂದ ಊರಿನ ಬ್ಯಾಟರಿ ಅಂಗಡಿಯವರೇ ಹೊಂದಿಸಿ ಕೊಡಬಲ್ಲರು ಎಂಬುದು ಅದರ ಉಳಿವಿಗೆ ದೊಡ್ಡ ಆಸರೆ.

ಕೊನೆಯ ಅಪಾಯ ಕಾಗದದ್ದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ ಆಮೇಲೆ ಇನ್ನೂ ಏರಿತು. ಶೆಡ್ಡಿನಲ್ಲಿ ಎರಡು ದಶಕ ಮಲಗಿದ್ದ ಕಾರಿನ ಆರ್‌.ಸಿ. ಎಂದೋ ಸತ್ತಿರುತ್ತದೆ, ಹೆಸರು ತೀರಿಕೊಂಡ ಅಜ್ಜನದ್ದೇ ಇರುತ್ತದೆ, ವಾರಸುದಾರರು ಮೂರು ಊರಿನಲ್ಲಿ ಹಂಚಿಹೋಗಿರುತ್ತಾರೆ. ಇಲ್ಲಿ ಅವಸರ ಮಾಡಿದವರು ಓಡುವ ಕಾರು ಇಟ್ಟುಕೊಂಡೂ ಓಡಿಸಲಾಗದೆ ಕೂರಬೇಕಾಗುತ್ತದೆ. ಮೊದಲು ಆರ್‌.ಟಿ.ಒ. ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ, ಅದರಲ್ಲಿರುವ ಹೆಸರು, ಸಾಲದ ನಮೂದು, ಎಂಜಿನ್ ನಂಬರ್, ಚಾಸಿ ನಂಬರ್ ತಾಳೆ ನೋಡಿದ ಮೇಲೆಯೇ ದುಡ್ಡು ಎಣಿಸಬೇಕು.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಎಂಬ ಪ್ರತ್ಯೇಕ ವಿಂಟೇಜ್ ನೋಂದಣಿಯ ನಿಯಮ ತಂದಿತು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ರ‍್ಯಾಲಿ, ಪ್ರದರ್ಶನ, ದುರಸ್ತಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಚಾಸಿ, ಮೈ, ಎಂಜಿನ್ ಹೆಚ್ಚು ಬದಲಾಗಿರಬಾರದು. 1973ರ ಬಳಿಕ ಡೀಸೆಲ್ ಎಂಜಿನ್ ಹಾಕಿಸಿಕೊಂಡು ಬದುಕುಳಿದ ಡಾಡ್ಜ್‌ಗಳು ತೊಡಕಿಗೆ ಸಿಕ್ಕುವುದು ಇಲ್ಲಿ. ಕಷ್ಟಕಾಲದಲ್ಲಿ ಉಳಿಸಿದ ಉಪಾಯವೇ ಈಗ ಅನರ್ಹತೆ. ಹೆರಾಲ್ಡುಗಳು ಈ ಬಾಗಿಲೊಳಗೆ ಬಂದಾಯಿತು. 1982ರ ಡಾಲ್ಫಿನ್ನಿಗೆ 50 ತುಂಬುವುದು 2032ರಲ್ಲಿ. ಅಲ್ಲಿಯ ತನಕ ಕಾನೂನಿನ ಕಣ್ಣಿಗೆ ಅದು ಬರೀ ಹಳೆಯ ಕಾರು.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳನ್ನೋ, ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ವನ್ನೋ ನೋಡಿ ಬಂದವರಿಗೆ ಹಳೇ ಕಾರು ಎಂದರೆ ಹೊಳೆಯುವ ಕ್ರೋಮು. ಕೊಂಡವನಿಗೆ ಅದು ಮೊದಲು ಗ್ರೀಸಿನ ಕೆಲಸ. ವರ್ಗಾವಣೆ ಅರ್ಜಿಗೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ದಶಕಗಳ ಜಿಡ್ಡನ್ನು ಒರೆಸಿ, ಆ ಜಾಗದ ಮೇಲೆ ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಉಜ್ಜಬೇಕು. ಬೂದು ಬಣ್ಣದ ನಡುವೆ ಬಿಳಿ ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಮಾರುವವರು ಬಿ ಎಕ್ಸ್‌ಟ್ರಾಕ್ಟ್ ಹಿಡಿದು ಒಂದೊಂದೇ ಅಂಕಿ ಓದುತ್ತಾರೆ, ಕೊಳ್ಳುವವರು ಕಾರಿನಡಿಯಿಂದ ಹೂಂಗುಟ್ಟುತ್ತಾರೆ. ಕೊನೆಯ ಅಂಕಿ ಮೂರೋ ಎಂಟೋ ತಿಳಿಯುವುದಿಲ್ಲ. ಬಟ್ಟೆಯನ್ನು ಮತ್ತೆ ಸೀಮೆಎಣ್ಣೆಗೆ ಅದ್ದಿ ಕೈಗೆ ಕೊಡುತ್ತಾರೆ.